ಅಪ್‌ಡೇಟ್: ಪುಡಿ ಕೊನೆಗೂ ಹೈಡ್ರೋಜನ್ ಹೀರಿತು

ಒಂದು ಲ್ಯಾಂಥನಮ್ ಪರಮಾಣುವಿಗೆ ಐದು ನಿಕಲ್ ಪರಮಾಣು ಇರುವ ಮಿಶ್ರಲೋಹದ ಪುಡಿ ಹೈಡ್ರೋಜನ್ ಹೀರುತ್ತಲೇ ಇಲ್ಲ ಅಂತ ಕೇಳಿದ್ದೆ, ಅಲ್ವಾ? ನೀವು ಹೇಳಿದ್ದೇ ಸರಿ. ಪುಡಿ ಕೆಟ್ಟಿರಲಿಲ್ಲ, ಗಾಳಿ ತಾಗಿ ಮೇಲೆ ಆಕ್ಸೈಡ್ (ತುಕ್ಕಿನಂಥ ಪದರ) ಕೂತಿತ್ತು. ನಿರ್ವಾತದಲ್ಲಿ ಬಿಸಿ ಮಾಡಿ ಮತ್ತೆ ಹೈಡ್ರೋಜನ್ ಗ್ಯಾಸ್ ಒಳಗೆ ಬಿಟ್ಟೆ. ಸ್ವಲ್ಪ ಹೊತ್ತು ಒತ್ತಡದ ಗೇಜಿನ ಮುಳ್ಳು ಸುಮ್ನೆ ನಿಂತಿತ್ತು. ಆಮೇಲೆ ಸರ್ರನೆ ಇಳಿಯಿತು, ಪಾತ್ರೆ ಮುಟ್ಟಿದರೆ ಬಿಸಿ! ಮೇಲ್ಮೈಯ ನಿಕಲ್ ಹೈಡ್ರೋಜನ್ ಅಣುವನ್ನು ಎರಡು ಪರಮಾಣುಗಳಾಗಿ ಒಡೆಯುತ್ತದೆ. ಅವು ಒಳಗೆ ನುಸುಳಿ ಕೂರುವಾಗ ಪ್ರತಿ ಮೋಲ್ (ಸುಮಾರು 2 ಗ್ರಾಂ) ಹೈಡ್ರೋಜನ್‌ಗೆ ಸುಮಾರು 30 ಕಿಲೋಜೂಲ್ ಶಾಖ ಹೊರಬರುತ್ತದೆ. ಪುಡಿ ಹೈಡ್ರೋಜನ್ ಹೊರಬಿಡುವಾಗ ಉಲ್ಟಾ, ಶಾಖ ಬೇಕು. ವಾಲ್ವ್ ತೆರೆದರೆ ಪಾತ್ರೆ ತಣ್ಣಗಾಗಿ ಗ್ಯಾಸ್ ಬರುವುದೇ ನಿಧಾನವಾಯಿತು. ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟೆ, ಮತ್ತೆ ಬಂತು. ಹೀರುವಾಗ ಕಣಗಳು ಗಾತ್ರದಲ್ಲಿ ಸುಮಾರು ಕಾಲು ಪಾಲು ಉಬ್ಬಿ ಬಿರಿಯುತ್ತವೆ. ಪುಡಿ ಈಗ ಇನ್ನೂ ನುಣ್ಣಗಾಗಿದೆ, ಅದನ್ನು ತಡೆಯುವ ಫಿಲ್ಟರ್ ಬದಲಾಯಿಸಬೇಕು.