ಬರ್ಮುಡಾ ಕ್ರೂಸ್: ಬಾಲ್ಕನಿಯಲ್ಲೇ ಹಾಟ್ ಟಬ್ ಇರೋ ರೂಮು ಬುಕ್ ಮಾಡಿದ್ದೇನೆ, ಅಪ್ಪನಿಗೆ ತೊಂದರೆ ಆಗಲ್ವಾ?

ತೆಂಗಿನ_ತೋಟ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನಿರೋದು ನ್ಯೂಜೆರ್ಸಿಯಲ್ಲಿ. ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದಾರೆ. ಬಂದು ನಾಲ್ಕು ತಿಂಗಳಾಯ್ತು. ಚಳಿಗೆ ಹೆದರಿ ಅರ್ಧ ದಿನ ಕಿಟಕಿ ಮುಂದೆ ಕೂತೇ ಕಳೆದರು. ಹೊರಡೋ ಮೊದಲು ಒಂದು ಕ್ರೂಸ್ ತೋರಿಸೋಣ ಅಂತ ನ್ಯೂಯಾರ್ಕ್ ಕಡೆಯಿಂದ ಬರ್ಮುಡಾಕ್ಕೆ ಏಳು ರಾತ್ರಿಯ ಟ್ರಿಪ್ ಬುಕ್ ಮಾಡಿದೆ.

ಅಪ್ಪನಿಗೆ 71. ಹದಿನೈದು ವರ್ಷದಿಂದ ಶುಗರ್ ಇದೆ. ಬೀಡಿ ಬಿಟ್ಟು ಹತ್ತು ವರ್ಷ ಆಗಿರಬಹುದು, ಕೆಮ್ಮು ಮಾತ್ರ ಅವರನ್ನು ಬಿಟ್ಟಿಲ್ಲ. ಮಂಡಿ ನೋವು ಬೇರೆ. ಊರಲ್ಲಿ ತೆಂಗಿನ ಮಟ್ಟೆ ಉರಿ ಹಾಕಿ ಹಂಡೆ ನೀರು ಕಾಯಿಸಿ ಸ್ನಾನ ಮಾಡೋ ಮನುಷ್ಯ. ಇಲ್ಲಿನ ಶವರ್ ನೋಡಿ ಮೊದಲನೇ ದಿನವೇ ಹೇಳಿದ್ದರು: "ನೀರು ಮೈಮೇಲೆ ಬೀಳುತ್ತೆ ಕಣೋ, ಸ್ನಾನ ಆಗಲ್ಲ." ಹಡಗಿನಲ್ಲಿ ಬಿಸಿನೀರಿನ ತೊಟ್ಟಿ ಇರುತ್ತೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದು ಅಂದಾಗಿನಿಂದ ದಿನಾ ಅದೇ ಮಾತು.

ಅಮ್ಮ ಬೇರೆ ಥರ. "ಗುರುತು ಪರಿಚಯ ಇಲ್ಲದವರ ಜೊತೆ ಒಂದೇ ತೊಟ್ಟೀಲಿ ಕೂರೋದಾ? ನಾನಂತೂ ಬರಲ್ಲ" ಅಂದುಬಿಟ್ಟರು. ಅದಕ್ಕೇ 1,800 ಡಾಲರ್ ಜಾಸ್ತಿ ಕೊಟ್ಟು ಬಾಲ್ಕನಿಯಲ್ಲೇ ಸ್ವಂತ ಹಾಟ್ ಟಬ್ ಇರೋ ರೂಮು ತಗೊಂಡೆ. ಯಾರ ಕಾಟವೂ ಇಲ್ಲ, ನೀರೂ ನಮ್ಮದೇ, ಕ್ಲೀನಾಗಿರುತ್ತೆ ಅಂದುಕೊಂಡೆ.

ಮೊನ್ನೆ ಅದೇ ಹಡಗಿನಲ್ಲಿ ಹೋಗಿಬಂದ ಒಬ್ಬರು ಫೋಟೋ ಹಾಕಿದ್ದರು. ಡೆಕ್ ಮೇಲಿನ ಎರಡು ಹಾಟ್ ಟಬ್ಬಿಗೂ ಬಲೆ ಕಟ್ಟಿ "ಮುಚ್ಚಲಾಗಿದೆ" ಅಂತ ಬೋರ್ಡು. ಕೆಳಗೆ ಯಾರೋ ಲೀಜಿಯೊನೆಲ್ಲಾ (ನೀರಿನಲ್ಲಿ ಬೆಳೆದು ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾ) ಅಂತ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನ್ನ ಹೆಂಡತಿ ಟ್ರಿಪ್ಪೇ ಬೇಡ ಅಂತಿದ್ದಾಳೆ. ಮುಂದಿನ ಶುಕ್ರವಾರದೊಳಗೆ ಪೂರ್ತಿ ದುಡ್ಡು ಕಟ್ಟಬೇಕು. ಟಬ್ ಮುಚ್ಚಿದ್ದಾರೆ ಅಂದರೆ ಆ ಹಡಗು ಕೊಳಕು ಅಂತಾನಾ? ಬಾಲ್ಕನಿ ಟಬ್ಬಿಗೂ ಅದಕ್ಕೂ ಸಂಬಂಧ ಇದೆಯಾ? ತಿಳಿದವರು ಹೇಳಿ.

ಬೇ_ಏರಿಯಾ_ಭಟ್ಟ

ಸುಮ್ನೆ ತಲೆ ಕೆಡಿಸ್ಕೋಬೇಡಿ ಗುರುಗಳೇ. ಮೂಗಿಗೆ ಕ್ಲೋರಿನ್ ವಾಸನೆ ಘಾಟಾಗಿ ಬಂದರೆ ನೀರು ಕ್ಲೀನ್ ಅಂತ ಅರ್ಥ. ನಾವು ಮೂರು ಕ್ರೂಸ್ ಮಾಡಿದ್ದೇವೆ, ಏನೂ ಆಗಿಲ್ಲ. ಹೋಗಿ ಮಜಾ ಮಾಡಿ.

ಗಂಗೊಳ್ಳಿ_ಖಲಾಸಿ

ಭಟ್ರೇ, ಆ ವಾಸನೆ ವಿಷಯ ಆಮೇಲೆ ಹೇಳ್ತೇನೆ. ಮೊದಲು ತೋಟದವರ ಪ್ರಶ್ನೆ.

ನಾನು ಒಂಬತ್ತು ವರ್ಷ ಹಡಗಿನಲ್ಲಿದ್ದೆ. ಅದರಲ್ಲಿ ನಾಲ್ಕು ವರ್ಷ ಪೂಲ್ ಮತ್ತು ಹಾಟ್ ಟಬ್ ನೋಡಿಕೊಳ್ಳೋ ಕೆಲಸ. ಆ ಫೋಟೋದಲ್ಲಿರೋ ಥರದ ಬಲೆಯನ್ನು ನಾನೇ ನೂರಾರು ಸಲ ಕಟ್ಟಿದ್ದೇನೆ ಮಾರಾಯ್ರೇ.

ಟಬ್ ಮುಚ್ಚೋದಕ್ಕೆ ಹತ್ತು ಕಾರಣ ಇರ್ತದೆ. ಸಮುದ್ರ ಜೋರಿದ್ದರೆ ನೀರು ತುಳುಕಿ ಜನ ಜಾರಿ ಬೀಳ್ತಾರೆ, ಮುಚ್ಚುತ್ತೇವೆ. ಯಾವುದೋ ಮಗು ನೀರಲ್ಲೇ ಕೆಲಸ ಮುಗಿಸಿಬಿಟ್ಟರೆ ಮುಚ್ಚುತ್ತೇವೆ. ಡೈಪರ್ ಹಾಕಿದ ಮಕ್ಕಳನ್ನು ಬಿಡಬಾರದು ಅಂತ ಬೋರ್ಡ್ ಇದ್ದರೂ ಇಳಿಸ್ತಾರೆ. ಹಡಗಿನಲ್ಲಿ ವಾಂತಿಭೇದಿ ಹೆಚ್ಚಾದರೂ ಮುಚ್ಚೋದುಂಟು. ಅದು ಹೆಚ್ಚಾಗಿ ನೊರೊವೈರಸ್. ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ನೂರಕ್ಕೆ ಮೂರು ಜನ ಹುಷಾರಿಲ್ಲ ಅಂತ ಬಂದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಆ ಹಡಗಿನ ಹೆಸರನ್ನೇ ವೆಬ್‌ಸೈಟಿನಲ್ಲಿ ಹಾಕ್ತದೆ. ಅದಕ್ಕೆ ಕಂಪನಿಯವರಿಗೆ ನಡುಕ.

ಇನ್ನು ದಿನಾ ಇರೋದು ಲೆಕ್ಕದ ಮುಚ್ಚುವಿಕೆ. ಹಾಟ್ ಟಬ್ಬಿನಲ್ಲಿ ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಮಿಗಿಂತ ಕಡಿಮೆ ಇರಬಾರದು, 10 ದಾಟಬಾರದು. ಈ ಲೆಕ್ಕ ತಪ್ಪಿದರೆ ಮುಚ್ಚುತ್ತೇವೆ. ಬಿಸಿನೀರಲ್ಲಿ ಕ್ಲೋರಿನ್ ನಿಲ್ಲೋದೇ ಕಷ್ಟ. ಅದರ ಮೇಲೆ ಎಂಟು ಜನ ಸನ್‌ಸ್ಕ್ರೀನ್ ಬಳಿದುಕೊಂಡು ಇಳಿದರೆ ಅರ್ಧ ಗಂಟೆಯಲ್ಲಿ ತಳ ಕಾಣ್ತದೆ. ಟಬ್ ತೆರೆದಿರೋವಷ್ಟು ಹೊತ್ತು ನಾವು ಗಂಟೆಗೊಮ್ಮೆ ನೀರು ತೆಗೆದು ಕ್ಲೋರಿನ್ ಅಳೆಯೋ ಡಿಪಿಡಿ ಮಾತ್ರೆ ಹಾಕಿ ನೋಡ್ತಿದ್ದೆವು. ಗುಲಾಬಿ ಬಣ್ಣ ಬರ್ತದೆ, ಗಾಢ ಇದ್ದಷ್ಟೂ ಕ್ಲೋರಿನ್ ಜಾಸ್ತಿ. ಇದರಲ್ಲೊಂದು ತಮಾಷೆ ಉಂಟು. ಕ್ಲೋರಿನ್ ವಿಪರೀತ ಆದರೆ ಆ ಬಣ್ಣವೇ ಬಿಳಿಚಿ ಹೋಗ್ತದೆ. ನಾನು ಹೊಸದರಲ್ಲಿ ಬಣ್ಣ ಬರಲಿಲ್ಲ, ಕ್ಲೋರಿನ್ ಇಲ್ಲ ಅಂತ ಮತ್ತೆ ಸುರಿಯೋಕೆ ಹೋಗಿ ಸೂಪರ್‌ವೈಸರ್ ಹತ್ತಿರ ಸಮಾ ಬೈಗುಳ ತಿಂದಿದ್ದೆ.

ರಾತ್ರಿ ಜನ ಟಬ್ಬಿನಿಂದ ಎದ್ದು ಹೋದ ಮೇಲೆ ಬಲೆ ಕಟ್ಟಿ ಕ್ಲೋರಿನ್ ಏರಿಸಿ ಒಂದು ಗಂಟೆ ಪಂಪ್ ಓಡಿಸ್ತೇವೆ. ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಬದಲು. ಬೆಳಿಗ್ಗೆ ಆರಕ್ಕೇ ಟವೆಲ್ ಹಿಡ್ಕೊಂಡು ಬಂದು "ದುಡ್ಡು ಕೊಟ್ಟಿದ್ದೇನೆ, ಬಲೆ ತೆಗಿ" ಅಂತ ಜಗಳ ಆಡೋರು ಪ್ರತಿ ಟ್ರಿಪ್ಪಿನಲ್ಲೂ ಇರ್ತಾರೆ. ಒಬ್ಬ ಅಜ್ಜ ಬಲೆ ದಾಟಿ ಇಳಿದೇ ಬಿಟ್ಟಿದ್ದ. ಐದು ನಿಮಿಷಕ್ಕೆ ಕಣ್ಣು ಕೆಂಡ ಮಾಡಿಕೊಂಡು ಎದ್ದು ಬಂದ.

ಹಾಗಾಗಿ ಮುಚ್ಚಿದ ಟಬ್ ನೋಡಿ ನೀವು ಹೆದರಬೇಡಿ. ಅಲ್ಲಿ ಒಬ್ಬ ಮನುಷ್ಯ ನೀರು ನೋಡ್ತಾ ಇದ್ದಾನೆ ಅಂತ ಅರ್ಥ. ನನಗೆ ಚಿಂತೆ ಆಗೋದು ನೀವು 1,800 ಡಾಲರ್ ಕೊಟ್ಟ ಆ ಬಾಲ್ಕನಿ ಟಬ್ಬಿನದ್ದು. ಅದರ ನೀರನ್ನು ಗಂಟೆಗೊಮ್ಮೆ ಬಂದು ನೋಡೋರು ಯಾರು?

ಡಲ್ಲಾಸ್_ಅಕ್ಕ

ಭಟ್ರ ವಾಸನೆ ಥಿಯರಿ ನಂಬಿ ನಾನು ಅನುಭವಿಸಿದ್ದೇನೆ. ಕ್ರೂಸ್ ಅಲ್ಲ, ಒಂದು ರೆಸಾರ್ಟ್. ಹಾಟ್ ಟಬ್ ಹತ್ತಿರ ಹೋದರೇ ಮೂಗು ಉರಿಯೋಷ್ಟು ವಾಸನೆ. ಚೆನ್ನಾಗಿ ಔಷಧಿ ಹಾಕಿದ್ದಾರೆ ಅಂತ ಇಳಿದೆ. ಎರಡನೇ ದಿನ ಸ್ವಿಮ್‌ಸೂಟ್ ಮುಚ್ಚಿದ್ದ ಜಾಗದಲ್ಲೆಲ್ಲಾ ಕೆಂಪು ಗುಳ್ಳೆ. ಅತ್ತೆ ಬೆವರುಸಾಲೆ ಅಂತ ಪೌಡರ್ ಹಾಕಿದರು, ಬೇವಿನ ಸೊಪ್ಪು ಸಿಗುತ್ತಾ ಅಂತ ಇಂಡಿಯನ್ ಅಂಗಡಿಗೂ ಕಳಿಸಿದರು. ಡಾಕ್ಟರು ನೋಡಿದ ಕೂಡಲೇ "ಹಾಟ್ ಟಬ್ಬಿಗೆ ಇಳಿದಿದ್ರಾ?" ಅಂತ ಕೇಳಿದರು. ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಂತೆ. ಒದ್ದೆ ಸ್ವಿಮ್‌ಸೂಟ್ ಮೈಗೆ ಅಂಟಿಕೊಂಡಿರೋ ಕಡೆ ಅದಕ್ಕೆ ಹಬ್ಬ. ನಂದು ಒಂದು ವಾರದಲ್ಲಿ ತಾನಾಗೇ ಹೋಯ್ತು.

ಆ ಘಾಟು ವಾಸನೆ ಬರೋದು ಕ್ಲೋರಿನ್ ಜನರ ಬೆವರು, ಮೂತ್ರದ ಜೊತೆ ಸೇರಿ ಬೇರೆಯೇ ಆದಾಗ. ಅಂದರೆ ವಾಸನೆ ಜಾಸ್ತಿ ಇದ್ದರೆ ಕೊಳೆ ಜಾಸ್ತಿ. ಈಗ ಎಲ್ಲಿ ಹೋದರೂ ಬ್ಯಾಗಿನಲ್ಲಿ ಟೆಸ್ಟ್ ಸ್ಟ್ರಿಪ್ ಇರುತ್ತೆ. ಪೂಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಅದ್ದಿ ತೆಗೆದು ಡಬ್ಬಿ ಮೇಲಿನ ಬಣ್ಣದ ಜೊತೆ ಹೋಲಿಸಿ ನೋಡೋದು ಅಷ್ಟೇ. ಗಂಡ ನಗ್ತಾರೆ. ನಗಲಿ.

ಮಲೆನಾಡ_ಡಾಕ್ಟ್ರು

ನಾನು ಶಿವಮೊಗ್ಗದಲ್ಲಿ ಫಿಸಿಶಿಯನ್. ಖಲಾಸಿಯವರು ಸರಿಯಾದ ಕಡೆ ಬೆರಳಿಟ್ಟರು.

ಲೀಜಿಯೊನೆಲ್ಲಾ ನೀರು ಕುಡಿದು ಬರೋ ಕಾಯಿಲೆ ಅಲ್ಲ, ಉಸಿರಿನಲ್ಲಿ ಬರೋದು. ಟಬ್ಬಿನ ಜೆಟ್ ಗುಳ್ಳೆ ಎಬ್ಬಿಸುತ್ತಲ್ಲ, ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಗಾಳಿಗೆ ಸೇರುತ್ತವೆ. ಅದನ್ನು ಒಳಗೆ ಎಳೆದುಕೊಂಡರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ಈ ಬ್ಯಾಕ್ಟೀರಿಯಾಕ್ಕೆ ಬೇಕಾಗಿರೋದೇ ಸುಮಾರು 25ರಿಂದ 45 ಡಿಗ್ರಿಯ ಬೆಚ್ಚಗಿನ ನೀರು. ಹಾಟ್ ಟಬ್ ಇರೋದು 40ರ ಆಸುಪಾಸು. ಪೈಪಿನ ಒಳಗೆ ಕಟ್ಟುವ ಲೋಳೆ ಅದರ ಮನೆ. ನಮ್ಮ ಸಿಮೆಂಟ್ ತೊಟ್ಟಿ ಒಳಗೆ ಕೈ ಆಡಿಸಿದರೆ ಹತ್ತುತ್ತಲ್ಲ, ಅದೇ ಲೋಳೆ. ಮೇಲಿನ ನೀರಿಗೆ ಹಾಕಿದ ಕ್ಲೋರಿನ್ ಅಲ್ಲಿಗೆ ಸುಲಭವಾಗಿ ಇಳಿಯಲ್ಲ.

ನೀವು ಹೊರಟಿರೋ ದಾರಿಯಲ್ಲೇ ಇದು ಒಮ್ಮೆ ಆಗಿದೆ. 1994ರಲ್ಲಿ ನ್ಯೂಯಾರ್ಕಿನಿಂದ ಬರ್ಮುಡಾಕ್ಕೆ ಓಡಾಡುತ್ತಿದ್ದ ಹೊರೈಜನ್ ಹಡಗು. ಒಂಬತ್ತು ಟ್ರಿಪ್ಪುಗಳಲ್ಲಿ 50 ಪ್ರಯಾಣಿಕರಿಗೆ ಈ ಕಾಯಿಲೆ ಬಂತು. ಕೆಲವು ಖಚಿತ, ಉಳಿದವು ಬಹುಪಾಲು ಇದೇ ಅನ್ನುವಂಥವು. ಹುಡುಕಿದರೆ ಹಾಟ್ ಟಬ್ಬಿನ ಮರಳು ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಕೂತಿತ್ತು. ಟಬ್ಬಿನಲ್ಲಿ ಕಳೆದ ಪ್ರತಿ ಗಂಟೆಗೆ ಅಪಾಯ ಶೇಕಡ 64ರಷ್ಟು ಏರುತ್ತಿತ್ತು ಅಂತ ಲೆಕ್ಕ ಹಾಕಿದರು. ನೀರಿಗೇ ಇಳಿಯದೆ ಪಕ್ಕದಲ್ಲಿ ಕೂತವರಿಗೂ ಬಂದಿತ್ತು. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್‌ನಲ್ಲಿ ಇನ್ನೂ ಕೆಟ್ಟದಾಯ್ತು. ಹೂವಿನ ಮೇಳದಲ್ಲಿ ಮಾರಾಟಕ್ಕೆ ಅಂತ ಹಾಟ್ ಟಬ್ ಇಟ್ಟಿದ್ದರು. ಅದರಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ. ಹೂವು ನೋಡಿಕೊಂಡು ಪಕ್ಕದಲ್ಲಿ ನಡೆದು ಹೋದವರಲ್ಲೇ ಕನಿಷ್ಠ 32 ಜನ ತೀರಿಕೊಂಡರು.

ಬಾಲ್ಕನಿ ಟಬ್ ವಿಷಯ ಇನ್ನೂ ಹೊಸದು. 2022ರ ನವೆಂಬರಿನಿಂದ 2024ರ ಜೂನ್‌ವರೆಗೆ ಎರಡು ಕ್ರೂಸ್ ಹಡಗುಗಳಲ್ಲಿ 12 ಜನರಿಗೆ ಲೀಜಿಯೊನೆಲ್ಲಾ ಬಂತು. ಸಿಡಿಸಿ ತನಿಖೆ ಮಾಡಿ ಬೆರಳು ತೋರಿಸಿದ್ದು ಬಾಲ್ಕನಿಯ ಖಾಸಗಿ ಟಬ್ಬುಗಳ ಕಡೆಗೇ. ಡೆಕ್ ಮೇಲಿನ ಟಬ್ಬಿಗೆ ಇರೋ ಕಟ್ಟುನಿಟ್ಟು ಇವಕ್ಕೆ ಇರಲಿಲ್ಲ. ಬೆಚ್ಚಗಿನ ನೀರು ದಿನಗಟ್ಟಲೆ ಹಾಗೇ ನಿಂತಿರುತ್ತಿತ್ತು. ಆಮೇಲೆ ಹೀಟರನ್ನೇ ಕಿತ್ತು ಹಾಕಿ, ಕೇಳಿದಾಗ ಮಾತ್ರ ನೀರು ತುಂಬಿಸಿ, ಬಳಸಿದ ಮೇಲೆ ಖಾಲಿ ಮಾಡೋ ಹಾಗೆ ಬದಲಾಯಿಸಿದರು.

ಆರೋಗ್ಯವಾಗಿರೋ ಹೆಚ್ಚಿನವರಿಗೆ ಇದು ಬರಲ್ಲ. ಆದರೆ 50 ದಾಟಿದವರು, ಸಿಗರೇಟು ಬೀಡಿ ಸೇದಿದವರು, ಶುಗರ್ ಇರೋರು, ಶ್ವಾಸಕೋಶ ಮೊದಲೇ ಹಾಳಾದವರು, ಇವರಿಗೆ ಅಪಾಯ. ನಿಮ್ಮ ತಂದೆಯವರು ಈ ಪಟ್ಟಿಯನ್ನು ಒಬ್ಬರೇ ತುಂಬಿಸುತ್ತಿದ್ದಾರೆ. ಬಂದರೆ ಹತ್ತರಲ್ಲಿ ಒಬ್ಬರು ಉಳಿಯಲ್ಲ. ನನ್ನ ಪೇಷಂಟ್ ಆಗಿದ್ದರೆ ಬಾಲ್ಕನಿ ಟಬ್ ಬೇಡ ಅಂತಲೇ ಹೇಳುತ್ತಿದ್ದೆ. ಡೆಕ್ ಮೇಲಿನದ್ದೂ ಬೇಡ.

ಇನ್ನೊಂದು ಮಾತು, ಇದನ್ನು ಮರೀಬೇಡಿ. ಕಾಯಿಲೆ ಕಾಣಿಸಿಕೊಳ್ಳೋಕೆ 2ರಿಂದ 14 ದಿನ ಹಿಡಿಯುತ್ತೆ. ಅಷ್ಟರಲ್ಲಿ ಅವರು ತಿಪಟೂರಿನಲ್ಲಿರಬಹುದು. ಜ್ವರ, ಕೆಮ್ಮು ಅಂತ ಹೋದರೆ ನಮ್ಮ ಕಡೆ ಮೊದಲು ಡೆಂಗಿ, ಟೈಫಾಯ್ಡ್ ನೋಡುತ್ತೇವೆ. ನ್ಯುಮೋನಿಯಾ ಅಂತ ಗೊತ್ತಾದರೂ ಅಮಾಕ್ಸಿಸಿಲಿನ್ ಥರದ ಔಷಧಿ ಇದಕ್ಕೆ ನಾಟಲ್ಲ, ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಅಡಗಿರುತ್ತೆ. ಅಜಿತ್ರೊಮೈಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಔಷಧಿ ಬೇಕು. ಮೂತ್ರದ ಒಂದು ಪರೀಕ್ಷೆಯಿಂದ ಹೆಚ್ಚಿನ ಸಲ ಗೊತ್ತಾಗುತ್ತೆ, ಆದರೆ ಡಾಕ್ಟರಿಗೆ ಅನುಮಾನ ಬಂದರೆ ತಾನೇ ಕಳಿಸೋದು? ಅದಕ್ಕೇ "ಹಡಗಿನಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ನೀವೇ ಮಾತ್ರೆ ಕೊಟ್ಟುಬಿಡಬೇಡಿ ಮತ್ತೆ.

ಬೇ_ಏರಿಯಾ_ಭಟ್ಟ

ಸರಿ ಸರಿ, ವಾಸನೆ ಮಾತು ವಾಪಸ್ ತಗೊಂಡೆ.

ತೆಂಗಿನ_ತೋಟ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ನಿಮ್ಮ ಉತ್ತರ ಓದಿ ಕಂಪನಿಗೆ ಫೋನ್ ಮಾಡಿದೆ. ಖಲಾಸಿ ಅಣ್ಣ ಕೇಳಿದ್ದನ್ನೇ ಕೇಳಿದೆ. ನೀರು ಎಷ್ಟು ದಿನಕ್ಕೆ ಬದಲಾಯಿಸ್ತೀರಿ, ಕ್ಲೋರಿನ್ ಯಾರು ನೋಡ್ತಾರೆ? ಮೂರು ಜನರಿಗೆ ಫೋನ್ ದಾಟಿಸಿ ಕೊನೆಗೆ ಆ ಹುಡುಗಿ "ಸ್ಯಾನಿಟೈಸ್ ಮಾಡಿರುತ್ತಾರೆ ಸರ್" ಅಂದಳು. ಎಷ್ಟು ದಿನಕ್ಕೆ ಅಂದರೆ ಮತ್ತೆ ಅದೇ ಮಾತು. ರೂಮು ಬದಲಾಯಿಸಿದೆ. ಈಗ ಮಾಮೂಲಿ ಬಾಲ್ಕನಿ, ಬಾತ್‌ಟಬ್ ಇರೋದು. ದಿನಾ ಹೊಸ ನೀರು ಹಿಡಿದು ಕೂರಬಹುದು, ಜೆಟ್ ಇಲ್ಲ. 1,800ರಲ್ಲಿ 1,300 ವಾಪಸ್ ಬಂತು.

ಅಪ್ಪನಿಗೆ ಹೇಗೆ ಹೇಳೋದು ಅಂತ ಎರಡು ದಿನ ಒದ್ದಾಡಿದೆ. ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ನಿಂತ ನೀರನ್ನ ಬಿಸಿ ಮಾಡಿ ಅದರಲ್ಲೇ ಮತ್ತೆ ಮತ್ತೆ ಕೂರ್ತಾರಾ?" ಹಂಡೆ ನೀರು ಒಂದು ಸಲ ಮೈಮೇಲೆ ಹಾಕಿಕೊಂಡರೆ ಬಚ್ಚಲು ತೂಬಿಗೆ ಹೋಯ್ತು, ಅವರಿಗೆ ಗೊತ್ತಿರೋದು ಅಷ್ಟೇ. ಅಮ್ಮನಿಗೆ ವಿವರಿಸಿ ಹೇಳುವಾಗ ಅಪ್ಪ ಮುಖ ಸಿಂಡರಿಸಿಕೊಂಡಿದ್ದು ನೋಡಬೇಕಿತ್ತು.

ಖಲಾಸಿ ಅಣ್ಣ, ಒಂದೇ ಒಂದು ಪ್ರಶ್ನೆ. ಅಮ್ಮ ಈಗ ಪೂಲಿನಲ್ಲಿ ಕಾಲಾದರೂ ಇಳಿಬಿಡ್ತೀನಿ ಅಂತಿದ್ದಾರೆ. ಚೂಡಿದಾರ್ ಹಾಕಿಕೊಂಡು ಕೂತರೆ ಬಿಡ್ತಾರಾ?

ಗಂಗೊಳ್ಳಿ_ಖಲಾಸಿ

ಕಾಲು ಇಳಿಬಿಟ್ಟು ಕೂರೋದಕ್ಕೆ ಯಾರೂ ಏನೂ ಹೇಳೋದಿಲ್ಲ, ಚೂಡಿದಾರ್ ಮೊಣಕಾಲಿಗೆ ಏರಿಸಿಕೊಳ್ಳಲಿ. ನೀರಿಗೆ ಇಳಿಯೋದಾದರೆ ಮಾತ್ರ ಹತ್ತಿ ಬಟ್ಟೆ ಬೇಡ. ನೂಲು ಬಿಟ್ಟು ಫಿಲ್ಟರಿಗೆ ಸಿಕ್ಕಿಹಾಕಿಕೊಳ್ತದೆ, ಬಿಡಿಸೋಷ್ಟರಲ್ಲಿ ನಮ್ಮ ಹುಡುಗರ ಸೊಂಟ ಹೋಗ್ತದೆ. ಮೈತುಂಬಾ ಮುಚ್ಚೋ ಸ್ವಿಮ್‌ಸೂಟ್ ಸಿಗ್ತದೆ, ತೋಳಿನಿಂದ ಪಾದದವರೆಗೆ. ಅದನ್ನೇ ತಗೊಳ್ಳಿ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋಕೆ ಹೇಳಿ ಇಬ್ಬರಿಗೂ. ಬಾಗಿಲಲ್ಲಿ ಕೊಡೋ ಸ್ಯಾನಿಟೈಸರಿಗೆ ನೊರೊವೈರಸ್ ಅಷ್ಟಾಗಿ ಬಗ್ಗೋದಿಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಪೂಲಿನ ಹತ್ತಿರ ಹೋದರೆ ಜನ ಇರೋದಿಲ್ಲ. ಬಲೆ ಕಟ್ಟಿದ್ದರೆ ಸ್ವಲ್ಪ ಕಾಯಿರಿ, ಹುಡುಗರನ್ನು ಬೈಬೇಡಿ.