ದೇವರನ್ನು ನಂಬದ ಕಾರಂತರು, ದೀಪ ಹಚ್ಚುವ ನಮ್ಮಮ್ಮ ಮತ್ತು ಮೂಕಜ್ಜಿ

ಪ್ರಶ್ನೆ (ಸಂಜೆಯ ಓದು):

ಎಲ್ಲರಿಗೂ ನಮಸ್ಕಾರ.

ನನ್ನ ತಾಯಿಯವರಿಗೆ ದೃಷ್ಟಿ ಮಂದವಾಗಿ ಓದುವುದು ಕಷ್ಟವಾದ ಮೇಲೆ, ಅವರು ಸಂಜೆ ದೇವರ ಮುಂದೆ ದೀಪ ಹಚ್ಚಿ ಸಹಸ್ರನಾಮ ಮುಗಿಸಿದ ಬಳಿಕ ಸುಮಾರು ಒಂದು ಗಂಟೆ ನಾನು ಅವರಿಗೆ ಕಾದಂಬರಿ ಓದಿ ಹೇಳುವುದು ನಮ್ಮ ಮನೆಯ ರೂಢಿಯಾಗಿದೆ. ಕಳೆದ ತಿಂಗಳು ನಮ್ಮಿಬ್ಬರಿಗೂ ಪ್ರಿಯರಾದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೈಗೆತ್ತಿಕೊಂಡೆವು. ಇದನ್ನು ನಾನು ಕಾಲೇಜಿನ ದಿನಗಳಲ್ಲಿ ಒಮ್ಮೆ ಓದಿದ್ದೆನಾದರೂ, ದೇವರ ಕೋಣೆಯ ಹೊಸ್ತಿಲಲ್ಲಿ ಕುಳಿತು, ಊದುಬತ್ತಿಯ ವಾಸನೆಯ ನಡುವೆ ಗಟ್ಟಿಯಾಗಿ ಓದುವಾಗ ಅದು ಬೇರೆಯೇ ಪುಸ್ತಕವೆನ್ನಿಸಿತು. ದೇವರೆಂಬ ಕಲ್ಪನೆ ಮನುಷ್ಯನ ಭಯದಿಂದ, ಬಯಕೆಯಿಂದ, ಹುಟ್ಟು ಸಾವುಗಳ ಬೆರಗಿನಿಂದ ಹೇಗೆ ಬೆಳೆದು ಬಂತೆಂಬುದನ್ನು ಅಜ್ಜಿ ಮೊಮ್ಮಗ ಸುಬ್ಬರಾಯನಿಗೆ ಬಿಡಿಸಿ ಹೇಳುವ ಭಾಗಗಳು ಬಂದಾಗ, ತಾಯಿಯವರಿಗೆ ನೋವಾದೀತೆಂದು ನನ್ನ ದನಿ ತಾನಾಗಿ ತಗ್ಗಿತು. ಅವರು ಮಾತ್ರ ‘ಗಟ್ಟಿಯಾಗಿ ಓದು’ ಎಂದರು.

ಪುಸ್ತಕ ಮುಗಿದ ರಾತ್ರಿ ಅವರು ಕೇಳಿದ್ದು ಒಂದೇ ಮಾತು: ‘ಈ ಅಜ್ಜಿಗೆ ದೇವರಲ್ಲಿ ನಂಬಿಕೆ ಇತ್ತೋ, ಇರಲಿಲ್ಲವೋ?’ ನನಗೆ ಉತ್ತರ ಹೊಳೆಯಲಿಲ್ಲ. ದೇವರ ವಿಷಯದಲ್ಲಿ ಕಾರಂತರು ತಮ್ಮನ್ನು ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು) ಎಂದೇ ಹೇಳಿಕೊಂಡವರು. ಅಂಥವರು ಬರೆದ ಪುಸ್ತಕ, ಎಂಬತ್ತರ ಹತ್ತಿರದ ಒಬ್ಬ ಆಸ್ತಿಕ ಹೆಂಗಸನ್ನು ಕೆರಳಿಸುವ ಬದಲು ಮೌನವಾಗಿಸಿದ್ದು ಹೇಗೆ? ಅವರ ಬರಹದಲ್ಲಿ ಇರುವುದನ್ನು ಅಧ್ಯಾತ್ಮ ಎಂದು ಕರೆಯಬಹುದೇ? ಕಾರಂತರನ್ನು ನನಗಿಂತ ಆಳವಾಗಿ ಓದಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ (ಕೋಟದ ಕಡೆಯ ಓದುಗ):

ತಮ್ಮ ತಾಯಿಯವರ ಪ್ರಶ್ನೆಗೆ ಮೊದಲು ನಮಸ್ಕಾರ ಹೇಳುತ್ತೇನೆ. ಆದರೆ ತಾವು ಬಳಸಿದ ‘ಅಧ್ಯಾತ್ಮ’ ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ನಮಗೆ ಒಬ್ಬ ಲೇಖಕರು ಪ್ರಿಯರಾದ ಕೂಡಲೇ ಅವರಿಗೆ ನಮ್ಮದೇ ಶಾಲು ಹೊದಿಸುವ ಆತುರ ಹುಟ್ಟುತ್ತದೆ. ಕಾರಂತರು ಬದುಕಿರುವಾಗ ಇಂಥ ಶಾಲನ್ನು ಮೈಮೇಲೆ ಹಾಕಿಸಿಕೊಂಡವರಲ್ಲ. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬರೇ ಕುಳಿತು ಸಿದ್ಧಪಡಿಸಿದ ಆ ಮನಸ್ಸು, ಕಣ್ಣಿಗೆ ಕಂಡದ್ದನ್ನು, ಕೈಗೆ ಎಟುಕಿದ್ದನ್ನು ಆಧಾರವಾಗಿಟ್ಟುಕೊಂಡು ಯೋಚಿಸುತ್ತಿತ್ತು. ಮೂಕಜ್ಜಿಯೂ ಹಾಗೆಯೇ ಅಲ್ಲವೇ? ಮೊಮ್ಮಗ ತಂದುಕೊಟ್ಟ ಹಳೆಯ ವಸ್ತುವನ್ನು ಅಂಗೈಯಲ್ಲಿ ಹಿಡಿದ ಮೇಲೆಯೇ ಅವಳಿಗೆ ಕನಸು ಹತ್ತುತ್ತದೆ. ಶಾಸ್ತ್ರಗ್ರಂಥದಿಂದಲೋ ಗುರುವಿನ ಉಪದೇಶದಿಂದಲೋ ಅವಳು ಮಾತು ಶುರು ಮಾಡುವುದಿಲ್ಲ.

ಕಾರಂತರು ಹುಟ್ಟಿದ್ದು 1902ರಲ್ಲಿ, ಕೋಟದಲ್ಲಿ. ಕೋಟ ಬ್ರಾಹ್ಮಣರಿಗೆ ಮಠಾಧೀಶರಾದ ಗುರುಗಳಿಲ್ಲ. ಸಾಲಿಗ್ರಾಮದ ಗುರುನರಸಿಂಹನೇ ಅವರಿಗೆ ದೇವರೂ ಹೌದು, ಗುರುವೂ ಹೌದು. ಇದರಿಂದಲೇ ಅವರ ನಿಲುವು ಹುಟ್ಟಿತೆಂದು ಹೇಳಿದರೆ ಅತಿಯಾದೀತು. ಆದರೂ ಮನುಷ್ಯನೊಬ್ಬನ ಪಾದಕ್ಕೆ ಎರಗಿ ತಿಳಿವಳಿಕೆ ಪಡೆಯುವ ಚಿತ್ರ ಅವರ ಕಾದಂಬರಿಗಳಲ್ಲಿ ಎಷ್ಟು ವಿರಳವೆಂಬುದನ್ನು ಗಮನಿಸಿದಾಗಲೆಲ್ಲ ಈ ಸಂಗತಿ ನನಗೆ ನೆನಪಾಗುತ್ತದೆ.

ನನ್ನ ಮನೆತನದವರು ವರ್ಷಕ್ಕೊಮ್ಮೆ ಹರಕೆಯಾಟ, ಅಂದರೆ ದೇವರಿಗೆ ಹರಕೆಯಾಗಿ ಯಕ್ಷಗಾನ, ಆಡಿಸುವವರು. ಆಟಕ್ಕೆ ಮುನ್ನ ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಬೇಕು. ಆಮೇಲೆಯೇ ವೇಷಗಳು ರಂಗಕ್ಕೆ ಹೋಗಬೇಕು. ಇಂಥ ಭಕ್ತಿಯ ನಡುವೆ ಬೆಳೆದ ಕಲೆಯ ಬೆನ್ನು ಹತ್ತಿ ಕಾರಂತರು ದಶಕಗಳನ್ನೇ ಕಳೆದರು; 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದದ್ದೂ ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ಕ್ಕೆ. ಪೂಜೆಯಲ್ಲಿ ನಂಬಿಕೆ ಇಲ್ಲದಿದ್ದರೂ, ಪೂಜೆಯ ಸುತ್ತ ಮನುಷ್ಯರು ಕಟ್ಟಿಕೊಂಡ ಹಾಡು, ಬಣ್ಣ, ಹೆಜ್ಜೆಗಳನ್ನು ಅವರು ಮನುಷ್ಯನ ದೊಡ್ಡ ಸಂಪಾದನೆ ಎಂದೇ ಕಂಡರು. ತಮ್ಮ ತಾಯಿಯವರು ಕೆರಳದಿರುವುದಕ್ಕೆ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ಆ ಪುಸ್ತಕ ದೇವರನ್ನು ಪ್ರಶ್ನಿಸುತ್ತದೆ, ದೀಪ ಹಚ್ಚುವ ಕೈಯನ್ನು ಹೀಗಳೆಯುವುದಿಲ್ಲ.

ಉತ್ತರ (ನೇತ್ರಾವತಿ ತೀರ):

ಮೇಲಿನ ಮಹನೀಯರ ಮಾತನ್ನು ಒಪ್ಪುತ್ತಲೇ, ‘ಮೂಕಜ್ಜಿಯ ಕನಸುಗಳು’ ಕೃತಿಗಿಂತ 35 ವರ್ಷ ಹಿಂದಿನ, 1933ರ ‘ಚೋಮನ ದುಡಿ’ಯ ಕಡೆಗೆ ತಮ್ಮ ಗಮನ ಸೆಳೆಯಬೇಕೆನ್ನಿಸುತ್ತದೆ. ನಾನು ತುಳುನಾಡಿನವನು, ನಮ್ಮ ಮನೆಯ ದೈವ ಪಂಜುರ್ಲಿ. ಆದ್ದರಿಂದ ಈ ಕಾದಂಬರಿಯ ಒಂದು ಸನ್ನಿವೇಶವನ್ನು ನಾನು ಎಂದೂ ದೂರ ನಿಂತು ಓದಿಲ್ಲ.

ಚೋಮನ ಎಳೆಯ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆಯೆಂದು ಯಾರ ಕೈಯೂ ನೀರಿಗೆ ಇಳಿಯುವುದಿಲ್ಲ. ಬೇಸಾಯ ಮಾಡುವ ಹಕ್ಕಿಲ್ಲ, ಮಕ್ಕಳನ್ನು ಉಳಿಸಿಕೊಳ್ಳುವ ಹಾದಿಯಿಲ್ಲ. ಕ್ರೈಸ್ತನಾದರೆ ಉಳಲು ನೆಲವಾದರೂ ಸಿಕ್ಕೀತೆಂದು ಚೋಮ ಮನೆ ಬಿಟ್ಟು ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ಗುಡಿ. ಅಲ್ಲಿ ಅವನ ಕಾಲು ಮುಂದೆ ಹೋಗುವುದಿಲ್ಲ, ಹಿಂದಿರುಗುತ್ತಾನೆ. ಈ ಒಂದು ತಿರುವಿನಲ್ಲಿ ಲೇಖಕರು ದೈವ ಇದೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಗುಡಿಯ ಮುಂದೆ ನಿಂತ ಮನುಷ್ಯನ ಮೈ ಮಾತ್ರ ನಮಗೆ ಕಾಣುತ್ತದೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಆ ಮೈಯಲ್ಲಿ ಇಳಿದು ಬಂದ ಭಯವನ್ನೂ ಭಕ್ತಿಯನ್ನೂ ಬೇರ್ಪಡಿಸಿ ತೋರಿಸುವ ಗೋಜಿಗೆ ಅವರು ಹೋಗಿಲ್ಲ. ತಾನು ನಂಬದ ದೈವದ ಎದುರು ತನ್ನ ಪಾತ್ರವನ್ನು ನಿಲ್ಲಿಸಿ, ಆ ಪಾತ್ರದ ನಂಬಿಕೆ ಪೂರ್ತಿಯಾಗಿ ಸತ್ಯವಾಗುವಂತೆ ಬರೆಯುವುದಕ್ಕೆ ದೊಡ್ಡ ವಿನಯ ಬೇಕು. ನನಗಂತೂ ಆ ವಿನಯವನ್ನು ಅಧ್ಯಾತ್ಮವೆಂದು ಕರೆಯಲು ಯಾವ ಅಳುಕೂ ಇಲ್ಲ.

ಉತ್ತರ (ಘಟ್ಟದ ಮೇಲಿನ ಮೇಷ್ಟ್ರು):

ನೇತ್ರಾವತಿ ತೀರದವರು ಕ್ಷಮಿಸಬೇಕು, ಈ ಸನ್ನಿವೇಶವನ್ನು ನಾನು ಹಾಗೆ ಓದಲಾರೆ. ಹಲವು ವರ್ಷ ತರಗತಿಯಲ್ಲಿ ‘ಚೋಮನ ದುಡಿ’ ಪಾಠ ಮಾಡಿದ್ದೇನೆ. ಚೋಮ ಹಿಂದಿರುಗಿದ ಸ್ಥಳಕ್ಕೆ ಬಂದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಒಮ್ಮೆ ಎದ್ದು ನಿಂತು, ‘ಸರ್, ಮಗ ಮುಳುಗುವಾಗ ಆ ದೈವ ಎಲ್ಲಿತ್ತು?’ ಎಂದು ಕೇಳಿದ್ದ. ಆ ಪ್ರಶ್ನೆಯನ್ನು ಬದಿಗಿಟ್ಟು ನಾವು ಗುಡಿಯ ಮುಂದಿನ ಭಕ್ತಿಯನ್ನು ಮೆಚ್ಚಿಕೊಂಡರೆ ಚೋಮನಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತಾಗುತ್ತದೆ. ಹಿಂದಿರುಗಿದ ಚೋಮನಿಗೆ ಮನೆಯಲ್ಲಿ ಕಾದಿರುವುದೇನೆಂದು ಓದಿದವರಿಗೆಲ್ಲ ಗೊತ್ತು: ಮಗಳು ಬೆಳ್ಳಿಯನ್ನೂ ಕಳೆದುಕೊಂಡು, ನೇಗಿಲನ್ನು ಸುಟ್ಟು, ಎತ್ತುಗಳನ್ನು ಕಾಡಿಗೆ ಅಟ್ಟಿ, ಪ್ರಾಣ ಹೋಗುವವರೆಗೂ ದುಡಿ ಬಾರಿಸುವ ಅಂತ್ಯ ಅದು. ನಂಬಿಕೆ ಅವನಿಗೆ ಆಸರೆಯಾಗಿರುವಾಗಲೇ ಅವನ ಕಾಲಿಗೆ ಹಗ್ಗವೂ ಆಗಿದೆ. ಕಾರಂತರು ಹಗ್ಗವನ್ನು ಬಿಟ್ಟು ಆಸರೆಯನ್ನಷ್ಟೇ ತೋರಿಸಿದವರಲ್ಲ.

ಮೂಲ ಪ್ರಶ್ನೆಗೆ ಒಂದು ಮಾತು. ‘ಅಳಿದ ಮೇಲೆ’ ಓದಿದ್ದೀರಾ? ಅದರಲ್ಲಿ ಯಶವಂತರಾಯ ತಾನು ಲೋಕದಿಂದ ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು ಎಂಬ ಲೆಕ್ಕಕ್ಕೆ ಬದುಕನ್ನೇ ಒಡ್ಡಿದವನು. ಪುಣ್ಯ, ಮೋಕ್ಷ, ಪುನರ್ಜನ್ಮ ಎಂಬ ಯಾವ ಭರವಸೆಯೂ ಇಲ್ಲದೆ ಮನುಷ್ಯ ಋಣ ತೀರಿಸಬಲ್ಲನೇ ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಕೇಳಿದ ಕನ್ನಡ ಕಾದಂಬರಿ ನನಗೆ ಇನ್ನೊಂದು ತಿಳಿದಿಲ್ಲ. ಕಾರಂತರ ಧರ್ಮ ಯಾವುದೆಂದು ಕೇಳಿದರೆ ನಾನು ಈ ಪುಸ್ತಕವನ್ನೇ ಕೈಗೆ ಕೊಡುತ್ತೇನೆ.

ಉತ್ತರ (ಬಯಲುಸೀಮೆಯ ಓದುಗಿ):

ಮೂವರೂ ಲೇಖಕರ ನಂಬಿಕೆಯ ಬಗ್ಗೆ ಬರೆದಿದ್ದೀರಿ. ತಾಯಿಯವರು ಕೇಳಿದ್ದು ಅಜ್ಜಿಯ ನಂಬಿಕೆಯ ಬಗ್ಗೆ. ನಾನು ಅದಕ್ಕಷ್ಟೇ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೂಕಜ್ಜಿ ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವಳು. ದಾಂಪತ್ಯವೆಂದರೇನೆಂದು ತಿಳಿಯುವ ಮೊದಲೇ ಅದು ಮುಗಿದುಹೋಗಿತ್ತು. ನಮ್ಮ ಸಮಾಜ ಇಂಥ ಹೆಣ್ಣುಮಕ್ಕಳ ಕೈಗೆ ಜಪಮಾಲೆಯನ್ನು ಕೊಟ್ಟು, ಉಳಿದ ಎಲ್ಲವನ್ನೂ ಕಿತ್ತುಕೊಂಡು, ಅದನ್ನೇ ವೈರಾಗ್ಯವೆಂದು ಹೊಗಳಿತು. ನನ್ನ ಸೋದರತ್ತೆಯೊಬ್ಬರು ಹಾಗೆಯೇ ಬದುಕಿದರು. ಅವರ ಮಡಿಯನ್ನು ಎಲ್ಲರೂ ಕೊಂಡಾಡುತ್ತಿದ್ದರು, ಅವರಿಗೆ ಏನು ಬೇಕಿತ್ತೆಂದು ಯಾರೂ ಕೇಳಲಿಲ್ಲ. ಅದಕ್ಕೇ ಮೂಕಜ್ಜಿ ಗಂಡು ಹೆಣ್ಣಿನ ಕೂಡುವಿಕೆಯನ್ನು, ಬಸಿರನ್ನು, ಹೆರಿಗೆಯನ್ನು ನಾಚಿಕೆಯಿಲ್ಲದೆ, ಕಹಿಯಿಲ್ಲದೆ ಸೃಷ್ಟಿಯ ಮೂಲವೆಂದು ಹೇಳುವಾಗ ನಾನು ಪುಸ್ತಕ ಮುಚ್ಚಿಟ್ಟು ಅತ್ತಿದ್ದೇನೆ. ತನಗೆ ದಕ್ಕದೇ ಹೋದುದನ್ನು ಅವಳು ಪಾಪವೆನ್ನುವುದಿಲ್ಲ. ಸಂಸಾರ ತೊರೆದು ಓಡುವವರ ಹಿರಿಮೆಯನ್ನು ಅವಳು ಒಪ್ಪುವುದಿಲ್ಲ. ಊರ ಬಾಯಿಗೆ ಸಿಕ್ಕ ನಾಗಿಯಂಥವಳನ್ನು ದೂರ ತಳ್ಳುವುದಿಲ್ಲ.

ಇಂಥವಳಿಗೆ ನಂಬಿಕೆ ಇತ್ತೇ? ಇತ್ತು ಎಂದೇ ನಾನು ಹೇಳುತ್ತೇನೆ. ದೇವರಿಗೆ ಇಷ್ಟೇ ಕೈ, ಇಂಥದೇ ಆಯುಧ, ಇಂಥದೇ ಹೆಸರು ಎಂಬುದರಲ್ಲಿ ಅವಳಿಗೆ ನಂಬಿಕೆಯಿಲ್ಲ. ಅವನ್ನೆಲ್ಲ ಕಾಲಕಾಲಕ್ಕೆ ಮನುಷ್ಯರೇ ತೊಡಿಸಿದರೆಂದು ಅವಳಿಗೆ ಕಾಣುತ್ತದೆ. ಆದರೆ ಹಾಗೆ ತೊಡಿಸಿದವರ ಮೇಲೆ ಅವಳಿಗೆ ಸಿಟ್ಟಿಲ್ಲ. ಗವಿಯಲ್ಲಿ ಬದುಕಿದ್ದ ಮನುಷ್ಯನೂ ಅವಳಿಗೆ ಬಂಧುವೇ. ಅವನು ಕತ್ತಲಲ್ಲಿ ಯಾರನ್ನು ಕೂಗಿದನೋ ಆ ಕೂಗು ಅವಳಿಗೆ ಕೇಳಿಸುತ್ತದೆ. ಕೊಲ್ಲೂರಿನ ದೇವಿಯ ಹೆಸರನ್ನು ನೆನಪಿಸುವ ಒಬ್ಬ ಮುದುಕಿಯ ಬಾಯಲ್ಲಿ ಕಾರಂತರು ಇದನ್ನೆಲ್ಲ ಆಡಿಸಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇದೇ ಮಾತುಗಳನ್ನು ಒಬ್ಬ ಪ್ರಾಧ್ಯಾಪಕನ ಪಾತ್ರ ಹೇಳಿದ್ದರೆ ಕಾದಂಬರಿ ಭಾಷಣವಾಗುತ್ತಿತ್ತು, ತಮ್ಮ ತಾಯಿಯವರು ಎರಡನೆಯ ದಿನವೇ ‘ಸಾಕು’ ಎನ್ನುತ್ತಿದ್ದರು. ತಮ್ಮಷ್ಟೇ ವಯಸ್ಸಾದ, ತಮ್ಮಂತೆಯೇ ಜಗಲಿಯಲ್ಲಿ ಕುಳಿತ ಒಬ್ಬಳು ಹೇಳಿದ್ದರಿಂದ ಅವರು ಕೇಳಿಸಿಕೊಂಡರು.

ಪ್ರಶ್ನೆ ಕೇಳಿದವರಿಂದ (ಸಂಜೆಯ ಓದು):

ತಮಗೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಈ ಉತ್ತರಗಳನ್ನೆಲ್ಲ ತಾಯಿಯವರಿಗೆ ಓದಿ ಹೇಳಿದೆ. ಮೇಷ್ಟ್ರ ತರಗತಿಯ ಹುಡುಗನ ಪ್ರಶ್ನೆಯನ್ನು ಅವರು ಎರಡು ಬಾರಿ ಓದಿಸಿ ಕೇಳಿದರು. ನೇತ್ರಾವತಿ ತೀರದವರ ಮಾತನ್ನೂ ಅವರು ಬಿಟ್ಟುಕೊಡಲಿಲ್ಲ. ‘ಹಿಂದೆ ಬಂದದ್ದು ತಪ್ಪೇ ಇರಬಹುದು, ಆದರೆ ಗುಡಿಯ ಮುಂದೆ ಅವನ ಮೈ ನಡುಗಿದ್ದು ಸುಳ್ಳಲ್ಲ’ ಎಂದರು. ‘ಅಧ್ಯಾತ್ಮ’ ಎಂಬ ಪದದ ಬಗೆಗಿನ ಆಕ್ಷೇಪ ನನಗೆ ಮನವರಿಕೆಯಾಗಿದೆ. ಆ ಪದವನ್ನು ನಾನು ಹಿಂದಕ್ಕೆ ಪಡೆಯುತ್ತೇನೆ.

ಓದುಗಿಯವರು ಬರೆದ ಸೋದರತ್ತೆಯ ಭಾಗ ಬಂದಾಗ ತಾಯಿಯವರು ತಮ್ಮ ಅಕ್ಕನ ಹೆಸರನ್ನು ಹೇಳಿದರು. ನಮ್ಮ ಆ ದೊಡ್ಡಮ್ಮ ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿನಲ್ಲಿಯೇ ಬದುಕು ಸವೆಸಿದವರು. ಅವರ ವಿಷಯ ನಮ್ಮ ಮನೆಯಲ್ಲಿ ಯಾರೂ ಇಷ್ಟು ವರ್ಷ ಎತ್ತಿರಲಿಲ್ಲ. ನಿನ್ನೆ ನಾವು ಕಾದಂಬರಿ ಓದಲಿಲ್ಲ. ದೀಪ ತಾನಾಗಿ ಆರುವವರೆಗೂ ತಾಯಿಯವರು ದೊಡ್ಡಮ್ಮನ ವಿಷಯವನ್ನೇ ಹೇಳುತ್ತಿದ್ದರು. ‘ಅಳಿದ ಮೇಲೆ’ಯನ್ನು ನಾಳೆ ಗ್ರಂಥಾಲಯದಿಂದ ತರುತ್ತೇನೆ.