ಕನ್ನಡ ಅಕ್ಷರದಲ್ಲಿ ಬರೆದ ಇಂಗ್ಲಿಷ್ ದಿನಚರಿ

ಬಳಗದ ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷದ ಮಗ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸುತ್ತಾನೆ, ಕನ್ನಡ ಪುಸ್ತಕ ಕೈಗಿತ್ತರೆ ಮಾತ್ರ ಮುಖ ಸಿಂಡರಿಸುತ್ತಾನೆ, ನಾಲ್ಕು ವರ್ಷ ಶನಿವಾರದ ಕನ್ನಡ ತರಗತಿಗೆ ಕಳುಹಿಸಿದ್ದೆಲ್ಲ ದಂಡವಾಯಿತೇ ಎಂದು ಕಳೆದ ವಾರ ಸೋದರಿಯೊಬ್ಬರು ಇಲ್ಲಿ ಕೇಳಿದ್ದರು. ಅವರಿಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ದಿನಕ್ಕೊಂದು ಪುಟ ಕಾಪಿ ಬರೆಸಿ, ಉಕ್ತಲೇಖನ ಕೊಡಿ, ಬರೆಯದಿದ್ದರೆ ಟ್ಯಾಬ್ ಕಿತ್ತಿಡಿ ಎಂಬ ಜಾಡಿನವು. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಅಂಥದೇ ತರಗತಿಯಲ್ಲಿ ಆರು ವರ್ಷಗಳಿಂದ ಪಾಠ ಹೇಳುತ್ತಿರುವ ನಾನು, ಅದೇ ತರಗತಿಯಿಂದ ಸ್ವಂತ ಮಗಳೇ ಬಿಟ್ಟುಹೋದದ್ದನ್ನು ಕಂಡವನೂ ಆಗಿರುವುದರಿಂದ, ಸ್ವಲ್ಪ ಬೇರೆ ಮಾತನ್ನು ಹೇಳಬೇಕಾಗಿದೆ.

ಮೊದಲು ಲೆಕ್ಕವನ್ನು ನೋಡೋಣ. ನಮ್ಮ ತರಗತಿ ವಾರಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ 30 ವಾರ. ಒಟ್ಟು 45 ಗಂಟೆ. ಅಷ್ಟರಲ್ಲಿ ಮಗು 49 ಮೂಲಾಕ್ಷರಗಳನ್ನು ಕಲಿಯಬೇಕು. 34 ವ್ಯಂಜನಗಳ ಕಾಗುಣಿತ ಬರೆಯಹೊರಟರೆ 510 ರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು. ಅವುಗಳಲ್ಲೂ ತ, ನ, ಮ, ಯ, ರ, ಲ ಒತ್ತುಗಳಿಗೆ ಮೂಲ ಅಕ್ಷರದ ಚಹರೆಯೇ ಇಲ್ಲ. ಊರಿನ ಮಕ್ಕಳಿಗೆ ಇದು ಸಲೀಸು ಎಂದು ನಾವು ತಿಳಿದಿದ್ದೇವೆ, ಆದರೆ ಹಾಗಿಲ್ಲ. ಕನ್ನಡ ಶಾಲಾಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕರ್ನಾಟಕದಲ್ಲೇ ಓದುತ್ತಿರುವ ಮಕ್ಕಳಿಗೂ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ ಎಂದು ತೋರಿಸಿದ್ದಾರೆ. ದಿನವೂ ಕನ್ನಡದ ನಡುವೆ ಇರುವ ಮಗುವಿಗೇ ಹೀಗಾದರೆ, ನಮ್ಮ ಮಕ್ಕಳು ನಾಲ್ಕು ವರ್ಷದಲ್ಲಿ, ಅಂದರೆ 180 ಗಂಟೆಯಲ್ಲಿ, ಕಾದಂಬರಿ ಓದಲಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಇಂಗ್ಲಿಷ್ ಓದು ಕನ್ನಡವನ್ನು ನುಂಗಿಹಾಕುತ್ತದೆ ಎಂಬ ಭಯವನ್ನು ಇಬ್ಬರು ಸದಸ್ಯರು ತೋಡಿಕೊಂಡಿದ್ದರು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮುಂದಿಟ್ಟ ವಾದ ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ: ಒಂದು ಭಾಷೆಯಲ್ಲಿ ಗಳಿಸಿದ ಓದಿನ ಸಾಮರ್ಥ್ಯ ಇನ್ನೊಂದಕ್ಕೂ ಒದಗಿಬರುತ್ತದೆ, ಆದರೆ ಆ ಇನ್ನೊಂದರ ಒಡನಾಟವೂ ಅದನ್ನು ಕಲಿಯಬೇಕೆಂಬ ಆಸೆಯೂ ಸಾಕಷ್ಟಿರಬೇಕು. ಒಡನಾಟದ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಆಸೆಯ ಬಗ್ಗೆ ನಮ್ಮ ಪಠ್ಯಕ್ರಮದಲ್ಲಿ ಒಂದು ಸಾಲೂ ಇಲ್ಲ.

ನನ್ನ ಮಗಳು ಹನ್ನೊಂದನೆಯ ವಯಸ್ಸಿನಲ್ಲಿ ತರಗತಿ ಬಿಟ್ಟಳು. ಬಿಟ್ಟದ್ದಕ್ಕೆ ಕಾರಣ ಹೇಳಲಿಲ್ಲ, ಆದರೆ ಅವಳ ಕೊನೆಯ ಉಕ್ತಲೇಖನದ ಹಾಳೆ ನನ್ನ ಬಳಿ ಇನ್ನೂ ಇದೆ. ಇಪ್ಪತ್ತು ಪದಗಳಲ್ಲಿ ಹದಿಮೂರಕ್ಕೆ ನಾನೇ ಕೆಂಪು ಗೆರೆ ಎಳೆದಿದ್ದೇನೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತನ್ನು ಯ ಅಕ್ಷರಕ್ಕಿಂತ ಮುಂಚೆಯೇ ಬರೆದಿದ್ದಾಳೆ. ಕಿವಿಗೆ ಮೊದಲು ಕೇಳಿದ್ದನ್ನು ಮೊದಲು ಬರೆದಿದ್ದಾಳೆ, ಅಷ್ಟೆ. ಬಾಯಿಯಲ್ಲಿ ಮುಂಚೆ ಬರುವ ರಕಾರ ಹಾಳೆಯ ಮೇಲೆ ಆಮೇಲೆ ಬರುವುದೇಕೆ ಎಂದು ಅವಳು ಅಂದು ಕೇಳಿದ್ದು ನೆನಪಿದೆ. ‘ಅದು ಹಾಗೇ, ನೆನಪಿಟ್ಟುಕೋ’ ಎಂದು ನಾನು ಕೊಟ್ಟ ಉತ್ತರವೂ ನೆನಪಿದೆ.

ಒಂದು ವರ್ಷ ಕಳೆದಿರಬಹುದು. ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು, ‘ಅಪ್ಪಾ, ಸ ಕೆಳಗೆ ಟ ಹಾಕಿ, ಅದರ ಜೊತೆ ರ ಒತ್ತೂ ಹಾಕ್ಬಹುದಾ?’ ಎಂದು ಕೇಳಿದಳು. ಕೈಯಲ್ಲಿದ್ದ ಬಾಣಲೆಯನ್ನು ಅಲ್ಲೇ ಬಿಟ್ಟು, ‘ರಾಷ್ಟ್ರ ಅನ್ನೋದ್ರಲ್ಲಿ ಇದೆಯಲ್ಲ, ಷ ಬದಲು ಸ, ಅಷ್ಟೆ’ ಎಂದೆ. ಯಾವ ಪದ ಬೇಕಿತ್ತು ಎಂದು ಕೇಳಿದರೆ ನಾಚಿಕೊಂಡು, ಅಂಗೈಯಲ್ಲಿ ಪೆನ್ನಿನಿಂದ ಬರೆದು ತೋರಿಸಿದಳು: ‘ಸ್ಟ್ರಿಕ್ಟ್’.

ಸಂಗತಿ ಮೆಲ್ಲನೆ ಬಯಲಾಯಿತು. ಅವಳು ಶಾಲೆಯಲ್ಲಿ ಒಂದು ದಿನಚರಿ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂರುವವರು ಇಣುಕಿ ನೋಡುತ್ತಾರೆಂದು, ಅವರು ಯಾರೂ ಓದಲಾಗದ ಲಿಪಿಯೊಂದನ್ನು ಆರಿಸಿಕೊಂಡಿದ್ದಳು. ಭಾಷೆ ಇಂಗ್ಲಿಷ್, ಅಕ್ಷರ ಕನ್ನಡ. ಟೀಚರ್ ಸ್ಟ್ರಿಕ್ಟ್, ಹೋಮ್‌ವರ್ಕ್ ಜಾಸ್ತಿ, ಗೆಳತಿಯ ಬರ್ತ್‌ಡೇಗೆ ತನ್ನನ್ನು ಕರೆಯಲಿಲ್ಲ ಎಂಬಂಥ ದುಃಖಗಳು. ನನ್ನ ಹೆಂಡತಿ ನಕ್ಕುಬಿಟ್ಟಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಏಕೆಂದರೆ ಅದೇ ವಾರ ಮೈಸೂರಿನಲ್ಲಿರುವ ನನ್ನ ಅಣ್ಣನ ಮಗ, ಅಪ್ಪಟ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದ್ದ. ಊರಿನ ಹುಡುಗ ಲಿಪಿ ಬಿಟ್ಟು ಭಾಷೆ ಇಟ್ಟುಕೊಂಡಿದ್ದಾನೆ, ಇಲ್ಲಿಯ ಹುಡುಗಿ ಭಾಷೆ ಬಿಟ್ಟು ಲಿಪಿ ಇಟ್ಟುಕೊಂಡಿದ್ದಾಳೆ.

ಇದು ಕನ್ನಡ ಬರವಣಿಗೆ ಹೌದೋ ಅಲ್ಲವೋ ಎಂದು ವಾದ ಮಾಡುವವರು ಮಾಡಲಿ. ನಾನು ಕಂಡದ್ದನ್ನು ಹೇಳುತ್ತೇನೆ. ಇಂಗ್ಲಿಷ್ ಪದಗಳಲ್ಲಿ ವ್ಯಂಜನಗಳು ಒಂದರ ಮೇಲೊಂದು ಬೀಳುವುದರಿಂದ, ನನ್ನ ಮೂರು ವರ್ಷದ ಉಕ್ತಲೇಖನ ಕಲಿಸದ ಒತ್ತಕ್ಷರಗಳನ್ನು ಆ ನೋಟುಬುಕ್ಕು ಮೂರು ತಿಂಗಳಲ್ಲಿ ಕಲಿಸಿತು. ಹೋಮ್‌ವರ್ಕಿನ ದೆಸೆಯಿಂದ ಅರ್ಕಾವತ್ತು ತಾನಾಗಿ ತನ್ನ ಜಾಗಕ್ಕೆ ಬಂದು ಕುಳಿತಿತು. ‘ಕ್ಯಾಟ್’ ಎಂಬುದಕ್ಕೆ ಯ ಒತ್ತು ಏಕೆ, ಆ ಸ್ವರ ನಮ್ಮಲ್ಲಿ ಇಲ್ಲವೇ ಎಂದು ಕೇಳಿದಳು. ಮಾತಿನಲ್ಲಿದೆ, ವರ್ಣಮಾಲೆಯಲ್ಲಿ ಅದಕ್ಕೊಂದು ಮನೆಯಿಲ್ಲ ಎಂದೆ. ಫ ಮತ್ತು ಜ ಅಕ್ಷರಗಳ ಕೆಳಗೆ ಚುಕ್ಕಿ ಇಡುವ ಪದ್ಧತಿಯನ್ನು ತೋರಿಸಿದಾಗ, ಗುಪ್ತಲಿಪಿಗೆ ಇನ್ನಷ್ಟು ಬಲ ಬಂತೆಂದು ಕುಣಿದಳು. ವ್ಯಾಕರಣದ ಪಾಠ ಇಷ್ಟು ಸಂತೋಷದಿಂದ ನಮ್ಮ ಮನೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ನೋಟುಬುಕ್ಕನ್ನು ಮಾತ್ರ ನಾನು ಕೇಳಲಿಲ್ಲ. ಈ ಮನೆಯಲ್ಲಿ ಆ ಲಿಪಿ ಬಲ್ಲವರು ನಾವಿಬ್ಬರೇ ಆದ್ದರಿಂದ, ಅದು ಗುಟ್ಟಾಗಿ ಉಳಿಯಬೇಕಾದರೆ ನಾವು ಓದದಿರುವುದೊಂದೇ ದಾರಿಯಾಗಿತ್ತು.

ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದಾಗ ಇನ್ನೊಂದು ತಮಾಷೆ ನಡೆಯಿತು. ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾದದ್ದು ನಿಮಗೆ ಗೊತ್ತು. ಆಟೋದಲ್ಲಿ ಕುಳಿತ ಮಗಳು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದಳು: ಬೇಕರಿ ಅಂಡ್ ಕಾಂಡಿಮೆಂಟ್ಸ್, ಮೆಡಿಕಲ್ಸ್, ಪಂಕ್ಚರ್ ಶಾಪ್, ಎಲೆಕ್ಟ್ರಿಕಲ್ಸ್ ಅಂಡ್ ಹಾರ್ಡ್‌ವೇರ್. ಎಲ್ಲಿಯೂ ತಡವರಿಸಲಿಲ್ಲ. ‘ಅಪ್ಪಾ, ಇವ್ರೂ ನನ್ ಥರಾನೇ ಬರೀತಾರೆ!’ ಎಂದಳು. ಆಟೋದವರು ಹಿಂದಿರುಗಿ ನೋಡಿ, ‘ಎಲ್ಲಿ ಓದ್ತಿರೋದಮ್ಮಾ, ಇಷ್ಟ್ ಚೆನ್ನಾಗ್ ಓದ್ತೀಯಲ್ಲ’ ಎಂದು ಕೇಳಿದರು. ಕನ್ನಡ ಓದಿದ್ದಕ್ಕೆ ಅವಳು ಜೀವಮಾನದಲ್ಲಿ ಪಡೆದ ಮೊದಲ ಶಹಬ್ಬಾಸ್ ಅದು, ಮೇಷ್ಟ್ರ ಮಗಳಾಗಿದ್ದೂ.

ಓದುವ ಪುಸ್ತಕದ ಪ್ರಶ್ನೆ ಇನ್ನೂ ಬಿಡಿಸಿಲ್ಲ. ಸೋದರಿಯವರ ಮಗನ ಸಮಸ್ಯೆಯೂ ಬಹುಶಃ ಇಲ್ಲೇ ಇದೆ. ಹನ್ನೆರಡು ಹದಿಮೂರರ ಮಕ್ಕಳ ಕನ್ನಡ ಓದು ಒಂದನೆಯ ತರಗತಿಯದು, ಅಭಿರುಚಿ ಏಳನೆಯ ತರಗತಿಯದು. ಕಾಗೆ, ನರಿ, ನಾಯಿಮರಿಯ ಕಥೆ ಕೊಟ್ಟರೆ ಅವರಿಗೆ ಅವಮಾನವಾಗುತ್ತದೆ. ಅವರ ವಯಸ್ಸಿಗೆ ತಕ್ಕದ್ದನ್ನು ಕೊಟ್ಟರೆ ಎರಡನೆಯ ಸಾಲಿನಲ್ಲೇ ದಮ್ಮು ಕಟ್ಟುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿವೆ. ವಿಜ್ಞಾನದ ವಿಷಯದವನ್ನು ಹುಡುಕಿ ಕೊಟ್ಟರೆ ದೊಡ್ಡ ಮಕ್ಕಳಿಗೂ ಅಷ್ಟು ಎಳಸೆನಿಸದು. ನನ್ನ ಮಗಳು ಓದಿದ್ದು ಅವೂ ಅಲ್ಲ. ಅಜ್ಜಿಯ ಅಡುಗೆಮನೆಯ ಡಬ್ಬಗಳ ಮೇಲೆ ಅಂಟಿಸಿದ್ದ ಚೀಟಿಗಳು, ಬಸ್ಸಿನ ಬೋರ್ಡುಗಳು, ಮದುವೆಯ ಕರೆಯೋಲೆಗಳು. ಅಜ್ಜಿಯ ಕೈಬರಹ ಮೊದಲ ದಿನ ಅವಳಿಗೆ ತೆಲುಗಿನಂತೆ ಕಂಡಿತಂತೆ. ಮುದ್ರಿತ ಅಕ್ಷರ ಮಾತ್ರ ಬಲ್ಲ ಮಗುವಿಗೆ, ತಲೆಕಟ್ಟನ್ನು ಪಕ್ಕದ ಅಕ್ಷರಕ್ಕೆ ಎಳೆದು ಸೇರಿಸುವ ಹಿರಿಯರ ಬರಹ ಬೇರೆಯದೇ ಲಿಪಿ ಎಂಬುದು ಮೇಷ್ಟ್ರಾದ ನನಗೆ ಹೊಳೆದೇ ಇರಲಿಲ್ಲ.

ದ್ವಿಭಾಷಾ ಮುದ್ರೆಯ ಮಾತನ್ನೂ ಕೆಲವರು ಎತ್ತಿದ್ದೀರಿ. 2011ರಲ್ಲಿ ಕಾನೂನು ಮಾಡಿ, ಎರಡು ಭಾಷೆ ಬಲ್ಲ ಹೈಸ್ಕೂಲು ವಿದ್ಯಾರ್ಥಿಗಳ ಡಿಪ್ಲೊಮಾದ ಮೇಲೆ ಅಂಥ ಮುದ್ರೆಯನ್ನು ಹಾಕಲು ಮೊದಲು ಅವಕಾಶ ಕೊಟ್ಟ ರಾಜ್ಯ ನಮ್ಮ ಕ್ಯಾಲಿಫೋರ್ನಿಯಾ. ಒಳ್ಳೆಯದೇ, ಬೇಕಾದವರು ಪಡೆಯಲಿ. ಆದರೆ ಹತ್ತು ವರ್ಷದ ಮಗುವಿಗೆ ‘ಕಾಲೇಜಿಗೆ ಅನುಕೂಲ’ ಎಂದು ಕನ್ನಡವನ್ನು ಮುಂದೊಡ್ಡಿದರೆ, ಪಿಯಾನೊ, ಈಜು, ಗಣಿತದ ಸ್ಪರ್ಧೆಗಳ ಸಾಲಿನಲ್ಲಿ ಅದೂ ಒಂದಾಗಿ ನಿಲ್ಲುತ್ತದೆ, ಆ ಸಾಲಿನಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಮುಂದಿನ ಶನಿವಾರದಿಂದ ನಮ್ಮ ದೊಡ್ಡ ಮಕ್ಕಳ ಗುಂಪಿಗೆ ಎರಡು ತಿಂಗಳು ಉಕ್ತಲೇಖನ ಇರುವುದಿಲ್ಲ. ಪ್ರತಿಯೊಬ್ಬರೂ ಒಂದು ನೋಟುಬುಕ್ಕು ತರುತ್ತಾರೆ. ಯಾವ ಭಾಷೆಯಲ್ಲಾದರೂ ಬರೆಯಬಹುದು, ಅಕ್ಷರ ಮಾತ್ರ ಕನ್ನಡದ್ದಾಗಿರಬೇಕು. ಅದನ್ನು ಯಾರೂ ತೆರೆಯುವುದಿಲ್ಲ, ತಿದ್ದುವುದೂ ಇಲ್ಲ. ಬೋರ್ಡಿನ ಬಳಿ ನಾನಿರುತ್ತೇನೆ, ಒತ್ತಕ್ಷರ ಬೇಕಾದವರು ಬಂದು ಕೇಳಬಹುದು. ಸೋದರಿಯವರು ಹತ್ತಿರದಲ್ಲಿದ್ದರೆ ಮಗನನ್ನು ಕರೆತರಬಹುದು.

ಕಳೆದ ತಿಂಗಳು ಮಗಳು ತಾನಾಗಿಯೇ ದಿನಚರಿಯ ಒಂದು ಪುಟವನ್ನು ನನಗೆ ತೋರಿಸಿದಳು, ಕೆಳಗಿನ ಅರ್ಧವನ್ನು ಅಂಗೈಯಿಂದ ಮುಚ್ಚಿಕೊಂಡು. ಇಂಗ್ಲಿಷ್ ವಾಕ್ಯಗಳ ನಡುವೆ ಅಲ್ಲಲ್ಲಿ ‘ಬೇಜಾರು’, ‘ತಲೆಹರಟೆ’, ಒಂದು ಕಡೆ ‘ಸುಮ್ನೆ’. ಅದಕ್ಕೆ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ ಎಂದಳು. ಮ ಅಕ್ಷರಕ್ಕೆ ಮ ಒತ್ತು ಕೊಟ್ಟು ‘ಸುಮ್ಮನೆ’ ಎಂದು ಬರೆಯಬೇಕೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಸರಿಯಾಗಿದೆ ಎಂದೆ.